ಗಾಳಕ್ಕೆ ಸಿಕ್ಕ ಮೀನಿನ ಹಕ್ಕು

ಗಲ್ಫ್‌ನಲ್ಲಿ ದುಡಿಯುವ ನಮ್ಮ ಕರಾವಳಿಯ ಕುಟುಂಬವೊಂದು ಮಕ್ಕಳ ಶಾಲಾ ರಜೆಯಲ್ಲಿ ಮಾಲ್ದೀವ್ಸ್‌ಗೆ ಹೋಗಿ ಬಂದಿತು. ತಂದೆ, ತಾಯಿ, ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು. ಒಂದು ಸಂಜೆ ಎಲ್ಲರೂ ದೋಣಿ ಹತ್ತಿ ಗಾಳ ಹಾಕಲು ಹೋದರು. ಒಂಬತ್ತು ಮೀನುಗಳು ಸಿಕ್ಕವು. ಗೆಸ್ಟ್‌ಹೌಸಿನ ಅಡುಗೆಯವನು ಕೆಂಡದ ಮೇಲೆ ಸುಟ್ಟು ಬಡಿಸಿದ, ಸಂತೋಷದಿಂದ ಉಂಡರು. ಮರುದಿನ ತಂದೆ ಮಗನನ್ನಷ್ಟೇ ಕರೆದುಕೊಂಡು ಇನ್ನೊಂದು ದೋಣಿಯಲ್ಲಿ ಹೋದರು. ಅದು ಬೇರೆ ಬಗೆಯ ಬೇಟೆ. ದೊಡ್ಡ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಅದು ದಣಿದು ಸೋಲುವವರೆಗೆ ದಾರ ಎಳೆದು ಬಿಟ್ಟು ಆಡಿಸಿ, ಕೊನೆಗೆ ಮೇಲೆತ್ತಿ, ಎದೆಗಾನಿಸಿಕೊಂಡು ಫೋಟೋ ತೆಗೆಸಿ, ಮರಳಿ ನೀರಿಗೆ ಬಿಡುವುದು. ಮೂರು ಮೀನುಗಳನ್ನು ಹೀಗೆ ಹಿಡಿದು ಬಿಟ್ಟರು. ಮೂರನೆಯದರ ಬಾಯಿಯಿಂದ ರಕ್ತ ಬರುತ್ತಿತ್ತಂತೆ. "ಅಬ್ಬಾ, ನಮಗೆ ಬೇಡದಿದ್ದರೆ ಯಾಕೆ ಹಿಡಿದದ್ದು?" ಎಂದು ಮಗ ಕೇಳಿದ.

ಅಂದಿನಿಂದ ಹುಡುಗ ಮೀನು ಮುಟ್ಟುವುದಿಲ್ಲ. ತಂದೆಗೆ ಕೋಪ. ಅಲ್ಲಾಹನು ಹಲಾಲ್ ಮಾಡಿದ್ದನ್ನು ದೂರವಿಡುವುದು ಯಾವ ಧರ್ಮ, ಮೀನಿನ ಊರಿನಲ್ಲಿ ಹುಟ್ಟಿದವನು ಇಷ್ಟು ಮೆದುವಾದರೆ ಹೇಗೆ ಎಂಬುದು ಅವರ ವಾದ. ಊಟದ ಹೊತ್ತಿಗೆ ಮನೆಯಲ್ಲಿ ದಿನವೂ ಇದೇ ಮಾತು. ಅವರಿಬ್ಬರಲ್ಲಿ ಯಾರು ಸರಿ ಎಂದು ತಾಯಿ ಕೇಳಿ ಕಳುಹಿಸಿದ್ದಾರೆ.

ನಾನು ಮುಫ್ತಿಯಲ್ಲ; ಮದ್ರಸದ ಅಧ್ಯಾಪಕ. ಆದರೆ ಇದು ಬರೀ ಫತ್ವಾದಿಂದ ತೀರುವ ಪ್ರಶ್ನೆಯೂ ಅಲ್ಲವೆಂದು ನನಗೆ ತೋರುತ್ತದೆ. ಹಲಾಲ್ ಎಂದರೇನು ಎಂಬುದನ್ನೇ ಇದು ಕೇಳುತ್ತಿದೆ. ಒಂದು ವಸ್ತು ಹಲಾಲ್ ಆದ ಮಾತ್ರಕ್ಕೆ ಅದರೊಂದಿಗೆ ನಾವು ಏನು ಮಾಡಿದರೂ ಸರಿಯೇ?

ಸಮುದ್ರದ ಬೇಟೆಯ ಕುರಿತು ಪವಿತ್ರ ಕುರ್‌ಆನ್ ಹೇಳುವ ಸಂದರ್ಭವನ್ನು ಮೊದಲು ಗಮನಿಸಬೇಕು. ಅಲ್‌ಮಾಇದ ಅಧ್ಯಾಯದ 94ನೇ ಸೂಕ್ತದಿಂದ ಇಹ್ರಾಮಿನ ಮಾತು ಬರುತ್ತದೆ. ಹಜ್ಜಿಗೆ ಹೊರಟವರ ಕೈಗೂ ಈಟಿಗೂ ಎಟಕುವಷ್ಟು ಹತ್ತಿರ ಬೇಟೆಯ ಪ್ರಾಣಿಗಳು ಸುಳಿಯುತ್ತವೆ. ಯಾರು ಕಾಣದೆಯೇ ಅಲ್ಲಾಹನನ್ನು ಭಯಪಡುತ್ತಾರೆಂಬುದು ಹಾಗೆ ಪರೀಕ್ಷೆಗೊಳಗಾಗುತ್ತದೆ. ಇಹ್ರಾಮಿನಲ್ಲಿ ನೆಲದ ಬೇಟೆ ನಿಷಿದ್ಧವಾಯಿತು. ಆದರೆ 96ನೇ ಸೂಕ್ತ ಸಮುದ್ರದ ಬೇಟೆಯನ್ನೂ ಅದರ ಆಹಾರವನ್ನೂ ಇಹ್ರಾಮಿನಲ್ಲಿದ್ದವರಿಗೂ ಧರ್ಮಸಮ್ಮತಗೊಳಿಸಿತು. ಯಾಕೆ ಎಂಬುದನ್ನೂ ಅಲ್ಲೇ ಹೇಳಿದೆ. ಅದು ನಿಮಗೂ ಪ್ರಯಾಣಿಕರಿಗೂ 'ಮತಾಅ್', ಅಂದರೆ ಬದುಕಿಗೆ ಒದಗುವ ಸಾಮಗ್ರಿ, ದಾರಿಯ ಬುತ್ತಿ. ಪ್ರಯಾಣಿಕರು ಎಂಬಲ್ಲಿ ಬಳಕೆಯಾದ ಪದ 'ಸಯ್ಯಾರ'. ಗಲ್ಫ್‌ನಲ್ಲಿರುವ ನಮ್ಮ ಸಹೋದರರಿಗೆ ಈ ಪದ ಚೆನ್ನಾಗಿ ಗೊತ್ತು. ಈಗಿನ ಅರಬಿಯಲ್ಲಿ ಅದು ಮೋಟಾರು ಕಾರಿಗೆ ಹೆಸರಾಗಿದೆ. ಕುರ್‌ಆನ್ ಅವತೀರ್ಣವಾದ ಕಾಲದಲ್ಲಿ ಅದು ದೂರದ ದಾರಿ ನಡೆಯುವ ಯಾತ್ರಿಕರ ತಂಡ. ರಜೆಗೆ ಮಾಲ್ದೀವ್ಸ್‌ಗೆ ಹೋದ ಕುಟುಂಬವೂ ಒಂದು ಲೆಕ್ಕದಲ್ಲಿ ಸಯ್ಯಾರವೇ. ಆದ್ದರಿಂದ ಆ ಅನುಗ್ರಹದಲ್ಲಿ ಅವರಿಗೂ ಪಾಲಿದೆ. ಆದರೆ ಅನುಗ್ರಹದ ಕಾರಣವೂ ಅದರ ಜೊತೆಯಲ್ಲೇ ಬಂದಿದೆ.

ಈ ಔದಾರ್ಯ ಎಷ್ಟು ದೊಡ್ಡದೆಂಬುದನ್ನು ಮರೆಯಬಾರದು. ಕೋಳಿಗಾದರೆ ಅಲ್ಲಾಹನ ನಾಮ ಹೇಳಿ ಕತ್ತು ಕೊಯ್ಯಬೇಕು. ಮೀನಿಗೆ ಅದಾವುದೂ ಇಲ್ಲ. ಕಡಲಿನ ನೀರಿನಲ್ಲಿ ವುಝೂ ಮಾಡಬಹುದೇ ಎಂದು ಹಡಗು ಪ್ರಯಾಣಿಕನೊಬ್ಬ ಕೇಳಿದಾಗ ಪ್ರವಾದಿವರ್ಯರು(ಸ) ನೀರು ಶುದ್ಧವೆಂದು ಹೇಳಿದ್ದಲ್ಲದೆ, ಅದರಲ್ಲಿ ಸತ್ತದ್ದೂ ಹಲಾಲ್ ಎಂದು ಕೇಳದೆಯೇ ಸೇರಿಸಿದರು. ಹ. ಅಬೂ ಉಬೈದ(ರ)ರ ನಾಯಕತ್ವದಲ್ಲಿ ಹೊರಟ ಮುನ್ನೂರು ಸಹಾಬಿಗಳ ತಂಡ ಹಸಿವಿನಿಂದ ಮರದ ಎಲೆ ತಿನ್ನುವ ಸ್ಥಿತಿಗೆ ಬಂದಾಗ, ಕಡಲು ಗುಡ್ಡದಂತಹ ಮೀನೊಂದನ್ನು ದಡಕ್ಕೆ ತಂದು ಹಾಕಿತು. ಸತ್ತದ್ದಲ್ಲವೇ ಎಂದು ಮೊದಲು ಅನುಮಾನಿಸಿ, ಆಮೇಲೆ ತಿಂದರು, ದಿನಗಟ್ಟಲೆ ತಿಂದರು. ಮದೀನಾಕ್ಕೆ ಮರಳಿ ವಿಷಯ ತಿಳಿಸಿದಾಗ ಪ್ರವಾದಿ(ಸ), ಅದರಲ್ಲಿ ಏನಾದರೂ ಉಳಿದಿದ್ದರೆ ನಮಗೂ ಕೊಡಿ ಎಂದು ಕೇಳಿ ತರಿಸಿ ಸೇವಿಸಿದರು. ಅವರ ಮನಸ್ಸಿನಲ್ಲಿ ಉಳಿದಿರಬಹುದಾದ ಅಳುಕನ್ನು ಒಂದು ತುತ್ತಿನಿಂದ ತೊಡೆದು ಹಾಕಿದ ರೀತಿ ಅದು.

ಹೀಗಿರುವಾಗ, ಮೀನು ತಿನ್ನುವುದೇ ಪಾಪವೆಂದು ಆ ಹುಡುಗ ಭಾವಿಸಿದ್ದರೆ ಅದನ್ನು ತಿದ್ದಬೇಕು. ಅಲ್ಲಾಹನು ಧರ್ಮಸಮ್ಮತಗೊಳಿಸಿದ ಒಳ್ಳೆಯ ವಸ್ತುಗಳನ್ನು ನಿಷಿದ್ಧಗೊಳಿಸಬೇಡಿರೆಂಬ ಎಚ್ಚರಿಕೆ ಅದೇ ಅಲ್‌ಮಾಇದದಲ್ಲಿದೆ. ಇಲ್ಲಿಯವರೆಗೆ ತಂದೆ ಹೇಳುವುದು ಸರಿ. ಆದರೆ ನಿಷಿದ್ಧವೆನ್ನುವುದು ಬೇರೆ, ತನಗೆ ಸೇರದೆಂದು ಬಿಡುವುದು ಬೇರೆ. ಹ. ಮೈಮೂನ(ರ)ರ ಮನೆಯಲ್ಲಿ ಉಡದ ಮಾಂಸ ಬಡಿಸಿದಾಗ ಪ್ರವಾದಿ(ಸ) ಕೈ ಹಿಂತೆಗೆದರು. ಇದು ಹರಾಮೇ ಎಂದು ಹ. ಖಾಲಿದ್(ರ) ಕೇಳಿದರು. ಅಲ್ಲ, ನನ್ನ ಊರಿನಲ್ಲಿ ಇದಿಲ್ಲ, ನನಗೆ ಹಿಡಿಸದು ಎಂಬ ಅರ್ಥದ ಉತ್ತರ ಬಂತು. ಖಾಲಿದ್(ರ) ಅವರ ಕಣ್ಣೆದುರೇ ತಟ್ಟೆ ಎಳೆದುಕೊಂಡು ತಿಂದರು. ತಿನ್ನದವರು ತಿಂದವರನ್ನು ಟೀಕಿಸಲಿಲ್ಲ. ತಿಂದವರು ತಿನ್ನದವರನ್ನು ಹಂಗಿಸಲಿಲ್ಲ. ರಕ್ತ ಕಂಡ ಹನ್ನೊಂದು ವರ್ಷದ ಹುಡುಗನಿಗೆ ಕೆಲವು ತಿಂಗಳು ಮೀನು ಸೇರದಿದ್ದರೆ ಮನೆಯವರೂ ಅಷ್ಟೇ ಮಾಡಿದರೆ ಸಾಕು. ಒತ್ತಾಯಿಸಿ ತಿನ್ನಿಸಬೇಕಾಗಿಲ್ಲ, ಅವನ ಮೆದುತನವನ್ನು ನೆಂಟರ ಮುಂದೆ ನಗೆಗೀಡು ಮಾಡುವುದಂತೂ ಬೇಡವೇ ಬೇಡ. ಮಕ್ಕಳ ಹೃದಯದ ಮೆದುತನ ನಾವು ಕೊಟ್ಟದ್ದಲ್ಲ. ಕಳೆಯುವುದು ಮಾತ್ರ ನಮ್ಮ ಕೈಯಲ್ಲಿದೆ.

ಇನ್ನು ಅವನ ಪ್ರಶ್ನೆ. ಬೇಡದಿದ್ದರೆ ಯಾಕೆ ಹಿಡಿದದ್ದು?

ನಸಾಈ ವರದಿ ಮಾಡಿದ ಹದೀಸೊಂದರಲ್ಲಿ, ಒಂದು ಗುಬ್ಬಚ್ಚಿಯನ್ನಾಗಲಿ ಅದಕ್ಕಿಂತ ದೊಡ್ಡದನ್ನಾಗಲಿ ಅದರ ಹಕ್ಕನ್ನು ಸಲ್ಲಿಸದೆ ಕೊಂದವನನ್ನು ಅಲ್ಲಾಹನು ವಿಚಾರಿಸುವನೆಂದು ಪ್ರವಾದಿ(ಸ) ಹೇಳಿದರು. ಅದರ ಹಕ್ಕೇನೆಂದು ಸಹಾಬಿಗಳು ಕೇಳಿದರು. ಝಬ್‌ಹ್ ಮಾಡಿ ತಿನ್ನುವುದು. ತಲೆ ಕಡಿದು ಎಸೆಯದಿರುವುದು ಎಂದು ಉತ್ತರ. ಇನ್ನೊಂದು ವರದಿಯಲ್ಲಿ, ಆಟಕ್ಕಾಗಿ ಕೊಲ್ಲಲ್ಪಟ್ಟ ಗುಬ್ಬಚ್ಚಿ ಅಂತ್ಯದಿನದಂದು ತನ್ನ ಪ್ರಭುವಿನ ಮುಂದೆ ಮೊರೆಯಿಡುತ್ತದೆ: ಈತ ನನ್ನನ್ನು ಯಾವ ಪ್ರಯೋಜನಕ್ಕೂ ಅಲ್ಲದೆ ಸುಮ್ಮನೆ ಕೊಂದ ಎಂದು.

ಇಲ್ಲಿ ನಮ್ಮನ್ನು ತಡೆದು ನಿಲ್ಲಿಸಬೇಕಾದ ಮಾತು 'ಹಕ್ಕು' ಎಂಬುದು. ತಿನ್ನುವುದು ತಿನ್ನುವವನ ಹಕ್ಕೆಂದು ನಾವು ತಿಳಿದಿದ್ದೇವೆ. ಹದೀಸು ಅದನ್ನು ತಿರುಗಿಸಿ ಹೇಳುತ್ತದೆ. ತಿನ್ನಲ್ಪಡುವುದು ಕೊಲ್ಲಲ್ಪಟ್ಟ ಜೀವಿಯ ಹಕ್ಕು. ಅದರ ಪ್ರಾಣವನ್ನು ನೀನು ತೆಗೆದುಕೊಂಡೆ. ಅದು ವ್ಯರ್ಥವಾಗದಂತೆ ನೋಡಿಕೊಳ್ಳುವ ಋಣ ಈಗ ನಿನ್ನ ಮೇಲಿದೆ. ಮೊದಲ ಸಂಜೆಯ ಒಂಬತ್ತು ಮೀನುಗಳಿಗೆ ಆ ಹಕ್ಕು ಸಂದಿತು. ಆ ದೋಣಿಯಲ್ಲಿ ಮಕ್ಕಳು ಕುಣಿದದ್ದೂ ಕಿರುಚಿದ್ದೂ ತಪ್ಪಲ್ಲ. ಹಿಡಿಯುವಾಗ ಆಗುವ ಸಂತೋಷವನ್ನು ಇಸ್ಲಾಮ್ ನಿಷೇಧಿಸಿಲ್ಲ. ಸಹಾಬಿಗಳಲ್ಲಿ ಬೇಟೆಗಾರರಿದ್ದರು, ಹ. ಅದಿಯ್ಯ್ ಇಬ್ನು ಹಾತಿಮ್(ರ) ಬೇಟೆನಾಯಿಗಳ ಕುರಿತು ಪ್ರವಾದಿಯವರೊಡನೆ(ಸ) ಕೇಳಿದ ಪ್ರಶ್ನೆಗಳಿಂದಲೇ ಬೇಟೆಯ ಫಿಕ್‌ಹ್‌ನ ಎಷ್ಟೋ ನಿಯಮಗಳು ತಿಳಿದುಬಂದವು. ಪತ್ನಿಯೊಂದಿಗೆ ಓಟದ ಪಂದ್ಯ ಕಟ್ಟಿದ ಪ್ರವಾದಿಯ(ಸ) ಅನುಯಾಯಿಗಳು ಕುಟುಂಬದ ವಿನೋದಕ್ಕೆ ಮುಖ ಗಂಟಿಕ್ಕಬೇಕಾಗಿಲ್ಲ. ಸಂತೋಷವು ಪ್ರಯೋಜನದ ಜೊತೆಯಲ್ಲಿ ಬಂದರೆ ಅದು ಅನುಗ್ರಹ. ಪ್ರಯೋಜನವನ್ನು ಕಿತ್ತೆಸೆದು, ಜೀವಿಯೊಂದರ ಒದ್ದಾಟವನ್ನೇ ಸಂತೋಷದ ಮೂಲ ಮಾಡಿಕೊಂಡಾಗ ತೊಡಕು ಹುಟ್ಟುತ್ತದೆ. ಫುಕಹಾಗಳಲ್ಲಿ ಹೆಚ್ಚಿನವರು ಬರೀ ಆಟಕ್ಕಾಗಿ ಮಾಡುವ ಬೇಟೆಯನ್ನು ಕನಿಷ್ಠಪಕ್ಷ ಮಕ್‌ರೂಹ್ ಎಂದದ್ದು ಇದಕ್ಕೇ.

"ನಾವು ಕೊಂದಿಲ್ಲವಲ್ಲ, ಬಿಟ್ಟೆವಲ್ಲ. ಕೊಂದು ತಿನ್ನುವುದಕ್ಕಿಂತ ಬಿಡುವುದು ಹೆಚ್ಚಿನ ಕರುಣೆಯಲ್ಲವೇ?" ಎಂದು ತಂದೆ ಕೇಳಬಹುದು. ಇದು ತಳ್ಳಿಹಾಕುವಂತಹ ವಾದವಲ್ಲ. ಪ್ರವಾಸಿ ಸಂಸ್ಥೆಗಳ ಜಾಹೀರಾತುಗಳೂ ಇದನ್ನೇ ಹೇಳುತ್ತವೆ. ಗಾಳಕ್ಕೆ ತೀರಾ ಮರಿಮೀನು ಸಿಕ್ಕಿದರೆ ಬಿಡಲೇಬೇಕು. ಅದು ಬೇಕೆಂದು ಹಿಡಿದದ್ದಲ್ಲ. ಆದರೆ ಬಿಡುವುದಕ್ಕೆಂದೇ ಹಿಡಿಯುವುದು? ಒಬ್ಬನನ್ನು ನಾವೇ ಬಾವಿಗೆ ತಳ್ಳಿ ನಾವೇ ಹಗ್ಗ ಇಳಿಸಿ ಮೇಲೆತ್ತಿದರೆ ಅವನು ನಮಗೆ ಕೃತಜ್ಞನಾಗಿರಬೇಕೇ?

ಹ. ಇಬ್ನು ಉಮರ್(ರ) ಒಮ್ಮೆ ಹೋಗುತ್ತಿದ್ದಾಗ ಕುರೈಶ್ ಯುವಕರು ಹಕ್ಕಿಯೊಂದನ್ನು ಕಟ್ಟಿ ಹಾಕಿ ಬಾಣದ ಗುರಿ ಕಲಿಯುತ್ತಿದ್ದರು. ಗುರಿ ತಪ್ಪಿದ ಒಂದೊಂದು ಬಾಣವೂ ಹಕ್ಕಿಯ ಒಡೆಯನಿಗೆಂದು ಒಪ್ಪಂದವಾಗಿತ್ತು. ಇಬ್ನು ಉಮರ್(ರ)ರನ್ನು ಕಂಡೊಡನೆ ಹುಡುಗರು ಚೆದುರಿ ಓಡಿದರು. ಜೀವವಿರುವುದನ್ನು ಗುರಿಯಾಗಿಸಿಕೊಳ್ಳುವವನನ್ನು ಪ್ರವಾದಿ(ಸ) ಶಪಿಸಿದ್ದಾರೆಂದು ಅವರು ಹೇಳಿದ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆ ಯುವಕರು ಕಲಿಯುತ್ತಿದ್ದದ್ದು ಬಿಲ್ವಿದ್ಯೆ. ಅದು ಆ ಕಾಲಕ್ಕೆ ಬೇಕಾದ, ಪ್ರವಾದಿಯವರೇ(ಸ) ಪ್ರೋತ್ಸಾಹಿಸಿದ ವಿದ್ಯೆ. ಆದರೂ ಅದಕ್ಕೆ ಜೀವಂತ ಹಕ್ಕಿ ಬೇಡವೆನ್ನಲಾಯಿತು. ಅಲ್ಲಿ ಹಕ್ಕಿಯನ್ನು ಕಟ್ಟಿದ ದಾರ ಬೇರೆ, ಬಂದು ತಾಗುವ ಬಾಣ ಬೇರೆ. ಗಾಳದ ಮೀನಿಗೆ ಎರಡೂ ಒಂದೇ. ಕಟ್ಟಿದ್ದೂ ಅದೇ, ಚುಚ್ಚಿದ್ದೂ ಅದೇ. ಫೋಟೋ ಒಂದನ್ನು ಬಿಟ್ಟರೆ ಅದರಿಂದ ನಮಗೆ ದಕ್ಕುವುದು ಏನು ಎಂಬ ಪ್ರಶ್ನೆಗೆ ಎಷ್ಟು ಯೋಚಿಸಿದರೂ ನನಗೆ ಉತ್ತರ ಸಿಗಲಿಲ್ಲ.

ಬಿಟ್ಟ ಮೀನು ಬದುಕುತ್ತದೆಂಬ ಖಾತರಿಯೂ ಇಲ್ಲ. ಕೆಲವು ಬದುಕುತ್ತವೆ. ಆಳದ ಹವಳದ ಬಂಡೆಗಳ ನಡುವಿನಿಂದ ಬೇಗನೆ ಮೇಲೆಳೆದ ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ, ನೀರಿನ ಒತ್ತಡ ಕಡಿಮೆಯಾದಂತೆ ಉಬ್ಬಿ, ಕೆಲವೊಮ್ಮೆ ಜಠರವನ್ನೇ ಬಾಯಿಯ ಕಡೆಗೆ ತಳ್ಳುತ್ತದೆ. ಅಂಥದ್ದನ್ನು ನೀರಿಗೆ ಬಿಟ್ಟರೆ ಆಳಕ್ಕೆ ಇಳಿಯಲಾಗದೆ ಮೇಲೆಯೇ ತೇಲುತ್ತಾ ಬೇರೆ ಮೀನಿಗೋ ಹಕ್ಕಿಗೋ ತುತ್ತಾಗಬಹುದು. ಸ್ವಿಟ್ಜರ್‌ಲೆಂಡಿನಲ್ಲಿ 2008ರಲ್ಲಿ ಜಾರಿಗೆ ಬಂದ ಪ್ರಾಣಿ ರಕ್ಷಣಾ ನಿಯಮಗಳು ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿವೆ. ಇಂಥ ಸುದ್ದಿ ಓದಿದಾಗ, ಇದು ನಮ್ಮಲ್ಲಿ ಹದಿನಾಲ್ಕು ಶತಮಾನಗಳ ಹಿಂದೆಯೇ ಇತ್ತೆಂದು ಹೆಮ್ಮೆಪಡುವ ಅಭ್ಯಾಸ ನಮಗಿದೆ. ಇತ್ತು, ನಿಜ. ಆದರೆ ಇಂದು ಆ ಫೋಟೋಗಳಲ್ಲಿ ಮೀನು ಹಿಡಿದು ನಿಂತವರಲ್ಲಿ ನಮ್ಮವರೂ ಇದ್ದಾರಲ್ಲ!

ಮೀನಿಗೆ ನೋವಾಗುವುದೇ ಇಲ್ಲವೆನ್ನುವವರಿದ್ದಾರೆ. 2003ರಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿಗಳು ಟ್ರೌಟ್ ಎಂಬ ಮೀನಿನ ತಲೆ ಮತ್ತು ಬಾಯಿಯ ಭಾಗದಲ್ಲಿ ಗಾಯ, ಉರಿಗಳನ್ನು ಗ್ರಹಿಸುವ ನರಗಳಿವೆಯೆಂದು ತೋರಿಸಿಕೊಟ್ಟರು. ಅದನ್ನು ನಾವು ನೋವೆನ್ನುವ ಅರ್ಥದಲ್ಲಿ ನೋವೆನ್ನಬಹುದೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ನಡೆಯಲಿ. ನನಗೆ ಕಾಣುವುದು ಬೇರೆ ವಿಷಯ. ಕುರಿ ಕೂಗುತ್ತದೆ, ಕೋಳಿ ರೆಕ್ಕೆ ಬಡಿದು ಅರಚುತ್ತದೆ. ನಮ್ಮ ಕರುಣೆ ಕಿವಿಯ ಮೂಲಕ ಎಚ್ಚರಗೊಳ್ಳುತ್ತದೆ. ಮೀನಿಗೆ ದನಿಯಿಲ್ಲ. ಬಕೆಟಿನಲ್ಲಿ ಕಿವಿರು ತೆರೆದು ಮುಚ್ಚಿ ಸಾಯುವ ಮೀನಿನ ಪಕ್ಕದಲ್ಲೇ ಕುಳಿತು ನಾವು ಚಹಾ ಕುಡಿಯುತ್ತೇವೆ. ದನಿಯಿಲ್ಲದವರ ದೂರನ್ನೂ ಕೇಳುವವನು ಒಬ್ಬನಿದ್ದಾನೆಂದು ನಂಬಿದವರಿಗೆ ಇದು ಸಣ್ಣ ವಿಷಯವಾಗಬಾರದು.

ಒಳಿತನ್ನು ಕಲಿಸುವವನಿಗಾಗಿ ಬಿಲದ ಇರುವೆಯೂ ನೀರಿನ ಮೀನೂ ಪ್ರಾರ್ಥಿಸುತ್ತವೆಂಬ ಹದೀಸು ತಿರ್ಮಿದಿಯಲ್ಲಿದೆ. ಮದ್ರಸದಲ್ಲಿ ಅಧ್ಯಾಪಕನ ಗೌರವವನ್ನು ಮಕ್ಕಳಿಗೆ ತಿಳಿಸಲು ನಾವೆಲ್ಲ ಅದನ್ನು ಉದ್ಧರಿಸುತ್ತೇವೆ. ಅದರಲ್ಲಿ ಮೀನಿನ ಕುರಿತೂ ಒಂದು ವಿಷಯವಿದೆಯೆಂದು ಮಕ್ಕಳಿಗೆ ಹೇಳುವುದು ಕಡಿಮೆ. ನನಗಾಗಿ ಪ್ರಾರ್ಥಿಸುವ ಜೀವಿಯನ್ನು ನಾನು ತಿನ್ನಬಹುದು, ಅಲ್ಲಾಹನು ಅನುಮತಿಸಿದ್ದಾನೆ. ಅದನ್ನು ಆಟಿಕೆ ಮಾಡಿಕೊಳ್ಳಲು ಮನಸ್ಸು ಒಪ್ಪುವುದೇ?

ಮೀನಿಗೆ ಝಬ್‌ಹ್ ಕಡ್ಡಾಯವಲ್ಲ ಎಂಬುದು ನಮಗೆ ಕೊಟ್ಟ ಸೌಲಭ್ಯ. ಅದರ ಜೀವ ಅಗ್ಗವೆಂಬ ತೀರ್ಪಲ್ಲ. ಅಲ್ಲಾಹನು ಎಲ್ಲ ವಿಷಯಗಳಲ್ಲೂ ಇಹ್ಸಾನನ್ನು ವಿಧಿಸಿದ್ದಾನೆ, ಕೊಲ್ಲುವಾಗಲೂ ಚೆನ್ನಾಗಿ ಕೊಲ್ಲಿರಿ, ಕತ್ತಿ ಹರಿತವಾಗಿರಲಿ ಎಂಬ ಆಶಯದ ಹದೀಸು (ಮುಸ್ಲಿಮ್) ಎಲ್ಲ ವಿಷಯಗಳಲ್ಲೂ ಎಂದಿದೆ, ಮೀನನ್ನು ಹೊರಗಿಟ್ಟಿಲ್ಲ. ಜೀವಂತ ಮೀನನ್ನು ಹಾಗೆಯೇ ಬಾಣಲೆಗೆ ಹಾಕುವುದು ಸರಿಯೇ ಎಂದು ಹಿಂದಿನ ಇಮಾಮರೊಡನೆ ಜನ ಕೇಳಿದ್ದರು. ಇಮಾಮ್ ಅಹ್ಮದ್(ರ) ಅದನ್ನು ಇಷ್ಟಪಡಲಿಲ್ಲ. ಹಿಡಿದ ಮೀನನ್ನು ತಡಮಾಡದೆ ತಲೆಗೆ ಒಂದು ಬಲವಾದ ಪೆಟ್ಟು ಕೊಟ್ಟು ಮುಗಿಸುವುದು ಅರ್ಧ ಗಂಟೆ ಒದ್ದಾಡಲು ಬಿಡುವುದಕ್ಕಿಂತ ಇಹ್ಸಾನಿಗೆ ಹತ್ತಿರ. ದೋಣಿಯವರಿಗೆ ಇದು ಗೊತ್ತು. ಮಕ್ಕಳಿಗೆ ಕಾಣಬಾರದೆಂದರೆ ಬೆನ್ನು ತಿರುಗಿಸಿ ಮಾಡಬಹುದು. ನನ್ನ ಅಭಿಪ್ರಾಯದಲ್ಲಿ ದೊಡ್ಡ ಮಕ್ಕಳು ನೋಡಿದರೂ ನಷ್ಟವಿಲ್ಲ. ತಟ್ಟೆಯ ಮೀನು ಎಲ್ಲಿಂದ, ಹೇಗೆ ಬಂತೆಂದು ತಿಳಿದ ಮಗು ಅರ್ಧ ತಿಂದು ಎಸೆಯುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ತುಂಡಾಗಿ ಬಂದ ಮೀನನ್ನಷ್ಟೇ ಕಂಡ ಮಕ್ಕಳು ನಮ್ಮ ಮನೆಗಳಲ್ಲಿ ಈಗ ಹೆಚ್ಚುತ್ತಿದ್ದಾರೆ. ಆದ್ದರಿಂದಲೇ ಗಾಳ ಹಾಕಲು ಕುಟುಂಬ ಸಮೇತ ಹೋಗುವುದನ್ನು ಬೇಡವೆನ್ನಲು ನಾನು ಸಿದ್ಧನಿಲ್ಲ.

ಅದಕ್ಕೆ ಮಾಲ್ದೀವ್ಸ್‌ಗಿಂತ ಒಳ್ಳೆಯ ಗುರುಗಳೂ ಸಿಗಲಾರರು. ಅಲ್ಲಿಯ ಜನರ ದೋಣಿಗೆ ಅವರ ಧಿವೇಹಿ ಭಾಷೆಯಲ್ಲೂ ಹೆಸರು ದೋಣಿಯೇ. ನಮ್ಮ ಹೊನ್ನಾವರವನ್ನು ಕಂಡು ಅಲ್ಲಿಯ ಮುಸ್ಲಿಮ್ ಸ್ತ್ರೀಯರ ಕುರ್‌ಆನ್ ಕಂಠಪಾಠವನ್ನು ಮೆಚ್ಚಿದ್ದ ಇಬ್ನು ಬತೂತ 1343ರಲ್ಲಿ ಆ ದ್ವೀಪಗಳಿಗೆ ಹೋಗಿ ಕಾಝಿಯಾಗಿದ್ದ. ಅಲ್ಲಿಯವರ ಆಹಾರವೂ ವ್ಯಾಪಾರವೂ ಮೀನೆಂದು ಬರೆದಿಟ್ಟಿದ್ದಾನೆ. ಇಂದಿಗೂ ಅವರು ಟ್ಯೂನಾವನ್ನು ಗಾಳಕೋಲಿನಿಂದ ಒಂದೊಂದಾಗಿ ಎತ್ತುತ್ತಾರೆ. ಮೊದಲು ಸಣ್ಣ ಮೀನುಗಳನ್ನು ಹಿಡಿದು ದೋಣಿಯ ನೀರಿನಲ್ಲಿ ಜೀವಂತ ಇಟ್ಟುಕೊಂಡು, ಟ್ಯೂನಾದ ಹಿಂಡು ಕಂಡಲ್ಲಿ ಅವನ್ನು ಚೆಲ್ಲುತ್ತಾರೆ. ಹಿಂಡು ಮೇಲೆ ಬರುತ್ತದೆ. ಆ ಕೊಕ್ಕೆಗಳಿಗೆ ಹಿಂಮುಳ್ಳಿಲ್ಲ; ಮೀನು ದೋಣಿಗೆ ಬಿದ್ದೊಡನೆ ತಾನಾಗಿ ಕಳಚಿಕೊಳ್ಳುತ್ತದೆ. ಅದು ಕರುಣೆಗಿಂತ ಹೆಚ್ಚಾಗಿ ವೇಗಕ್ಕಾಗಿ ಮಾಡಿಕೊಂಡ ಏರ್ಪಾಡು ಎಂಬುದನ್ನೂ ಹೇಳಬೇಕು. ಆದರೂ ಅವರು ಮೀನಿನೊಂದಿಗೆ ಆಡುವುದಿಲ್ಲ. ಆ ಮೀನು ಅವರ ಮಕ್ಕಳ ಶಾಲೆಯ ಫೀಸು, ಮನೆಯ ಅಕ್ಕಿ.

ಪ್ರವಾಸಿಗರನ್ನು ಸಂಜೆ ಕರೆದೊಯ್ಯುವಾಗ ಕೋಲೂ ಇಲ್ಲ. ತಂಗೂಸಿನ ದಾರ, ಸೀಸದ ಗುಂಡು, ಕೊಕ್ಕೆಗೆ ಮೀನಿನದೇ ತುಂಡು. ಅಷ್ಟರಲ್ಲೇ ನಮ್ಮವರು ಮುರು ಎನ್ನುವ ಜಾತಿಯವೂ ಇತರ ಬಂಡೆಮೀನುಗಳೂ ಸಿಗುತ್ತವೆ. ಹೊರಡುವ ಮೊದಲೇ ಎಷ್ಟು ಮಂದಿಗೆ ಎಷ್ಟು ಮೀನು ಬೇಕೆಂದು ಲೆಕ್ಕ ಹಾಕಿ, ಅಷ್ಟು ಸಿಕ್ಕಿದ ಮೇಲೆ ದಾರ ಸುತ್ತಿಡುವುದು ಕಷ್ಟದ ಕೆಲಸವೇನಲ್ಲ. ಬಾಯಲ್ಲಿ ಹೇಳುವಷ್ಟು ಸುಲಭವೂ ಅಲ್ಲವೆನ್ನಿ. ಮೀನು ಕಚ್ಚುತ್ತಿರುವಾಗ ಗಾಳ ಎತ್ತಿಡುವುದು ಹೇಗೆಂದು ಅನುಭವವಿದ್ದವರಿಗೆ ಗೊತ್ತು. ಸಬ್ತ್‌ನ ದಿನ ಮಾತ್ರ ಮೀನುಗಳು ನೀರಿನ ಮೇಲೆ ತೇಲಿ ಬರುತ್ತಿದ್ದ ಆ ಕಡಲ ತೀರದ ಊರಿನ ಕಥೆ (ಅಲ್‌ಅಅ್‌ರಾಫ್: 163) ನೆನಪಾಗುವುದು ಆಗಲೇ. ಹೆಚ್ಚಾದದ್ದನ್ನು ದೋಣಿಯವರಿಗೆ ಕೊಟ್ಟುಬಿಟ್ಟರೆ ಅವರ ಮನೆಯಲ್ಲಿ ಅದರ ಹಕ್ಕು ಸಲ್ಲುತ್ತದೆ.

ಇನ್ನೊಂದು ವಿಷಯವನ್ನು ಆ ತಾಯಿ ಕೇಳಿಲ್ಲ, ಆದರೂ ಹೇಳಬೇಕು. ಸಂಜೆಯ ಈ ಪ್ರವಾಸಗಳು ಸೂರ್ಯಾಸ್ತಕ್ಕೆ ಸ್ವಲ್ಪ ಮುಂಚೆ ಹೊರಟು ರಾತ್ರಿ ಮರಳುತ್ತವೆ. ಮೀನು ಚೆನ್ನಾಗಿ ಕಚ್ಚುವ ಹೊತ್ತೇ ಮಗ್ರಿಬಿನ ಹೊತ್ತು. ಬೇಟೆಯ ಬೆನ್ನು ಹತ್ತಿದವನು ಮೈಮರೆಯುತ್ತಾನೆಂಬ ಎಚ್ಚರಿಕೆ ಅಬೂದಾವೂದ್ ಮತ್ತು ತಿರ್ಮಿದಿಯ ಹದೀಸಿನಲ್ಲಿದೆ. ಶಾಫಿಈ ಮದ್‌ಹಬಿನವರು ಪ್ರಯಾಣಿಕರಾಗಿದ್ದರೆ ಮಗ್ರಿಬನ್ನು ಇಶಾದೊಂದಿಗೆ ಜಮ್‌ಅ್ ಮಾಡುವ ಅವಕಾಶವಿದೆ. ಹೋಗುವ ಬರುವ ದಿನಗಳನ್ನು ಬಿಟ್ಟು ನಾಲ್ಕು ದಿನ ಅಲ್ಲೇ ತಂಗುವ ನಿಯ್ಯತ್ ಇದ್ದವರಿಗೆ ಆ ರಿಯಾಯಿತಿಯಿಲ್ಲ. ಹನಫಿಗಳು ಸಮಯಕ್ಕೇ ನಿರ್ವಹಿಸಬೇಕು. ದೋಣಿಯಲ್ಲಿ ನಿಲ್ಲಲು ಸಾಧ್ಯವಿದ್ದರೆ ನಿಂತು, ಬೀಳುವ ಭಯವಿದ್ದರೆ ಕುಳಿತು ನಮಾಝ್ ಮಾಡಬಹುದು. ಮಾಲ್ದೀವ್ಸ್‌ನ ದೋಣಿಯವರು ನಮ್ಮ ಸಹೋದರರೇ. ಹೊರಡುವ ಮುಂಚೆ ಒಂದು ಮಾತು ಹೇಳಿಟ್ಟರೆ, ಗಾಳಗಳನ್ನೆಲ್ಲ ಮೇಲೆತ್ತಿಸಿ, ದೋಣಿಯನ್ನು ಅಲೆ ಕಡಿಮೆಯಿರುವಲ್ಲಿ ನಿಲ್ಲಿಸಿ, ಕಿಬ್ಲ ಯಾವ ಕಡೆಗೆಂದು ಅವರೇ ತೋರಿಸಿಕೊಡುತ್ತಾರೆ.